ಸುಝೌ ಉದ್ಯಾನದ ತೂತುಗಲ್ಲುಗಳು

ಶಾಂಘೈಯಿಂದ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ ಸುಝೌ. ಅಲ್ಲಿನ ಹಳೆಯ ಉದ್ಯಾನಗಳನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ದಿನದ ಬಿಡುವಿರುವವರು ಹಲವು ತೋಟಗಳಿಗೆ ಧಾವಿಸುವ ಬದಲು, ಮಿಂಗ್ ಅರಸರ ಕಾಲದಲ್ಲಿ, 1593ರಲ್ಲಿ, ಆರಂಭವಾದ ಲ್ಯೂ ಯುವಾನ್ ಒಂದನ್ನೇ ನಿಧಾನವಾಗಿ ನೋಡುವುದು ಮೇಲೆಂದು ನನಗನಿಸುತ್ತದೆ.

ಈ ತೋಟದ ವಿಸ್ತಾರ ಆರು ಎಕರೆಗೂ ಕಡಿಮೆ. ಆದರೂ ಒಳಹೊಕ್ಕವರಿಗೆ ಅದು ಬಹು ದೊಡ್ಡದಾಗಿ ತೋರುತ್ತದೆ. ಬಾಗಿಲು ದಾಟಿದರೆ ಮೊದಲು ಸಿಗುವುದು ಇಕ್ಕಟ್ಟಾದ, ಬೆಳಕು ಕಡಿಮೆಯಿರುವ, ಮತ್ತೆ ಮತ್ತೆ ತಿರುಗುವ ಓಣಿ. ಅಲ್ಲಿ ನಡೆಯುವಷ್ಟರಲ್ಲಿ ಕಣ್ಣಿನ ಪಾಪೆ ಹಿಗ್ಗಿ, ಅಕ್ಷಿಪಟಲ ಮಬ್ಬು ಬೆಳಕಿಗೆ ಹೊಂದಿಕೊಳ್ಳತೊಡಗುವುದರಿಂದ, ಓಣಿ ಮುಗಿದು ಕೊಳ ಎದುರಾದಾಗ ಬೆಳಕೂ ಬಯಲೂ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಗೋಡೆಯ ಜಾಲಂಧ್ರಗಳೂ ಇದಕ್ಕೆ ನೆರವಾಗುತ್ತವೆ: ನಾವು ನಡೆದಂತೆ ಹತ್ತಿರದ ಜಾಲರಿ ಬೇಗನೆ ಹಿಂದೆ ಸರಿಯುತ್ತದೆ, ಅದರಾಚೆಯ ಬಿದಿರು ನಿಧಾನವಾಗಿ ಸರಿಯುತ್ತದೆ, ಈ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಅಂದಾಜು ಮಾಡುತ್ತದೆ.

ನನ್ನನ್ನು ಹೆಚ್ಚು ಸೆಳೆಯುವುದು ಮಾತ್ರ ಇಲ್ಲಿನ ಗುವಾನ್‌ಯುನ್ ಶಿಖರ, ಸುಮಾರು 6.5 ಮೀಟರ್ ಎತ್ತರದ ಒಂಟಿ ಬಂಡೆ. ಇದು ಸಮೀಪದ ತಾಯ್‌ಹು ಸರೋವರದ ಸುಣ್ಣದಕಲ್ಲು. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ದುರ್ಬಲ ಕಾರ್ಬಾನಿಕ್ ಆಮ್ಲವಾಗಿ, ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಬಿರುಕುಗಳಿರುವಲ್ಲಿ ಕರಗುವಿಕೆ ಹೆಚ್ಚು. ಅಲೆಗಳ ಉಜ್ಜಾಟವೂ ಸೇರಿ ಸಾವಿರಾರು ವರ್ಷಗಳಲ್ಲಿ ಕಲ್ಲು ತೂತುತೂತಾಗುತ್ತದೆ. ನಮ್ಮ ಉತ್ತರ ಕನ್ನಡದ ಯಾಣದ ಬಂಡೆಗಳೂ ಸುಣ್ಣದಕಲ್ಲಿನವೇ. ಅವುಗಳ ಚೂಪು ಶಿಖರಗಳ ಹಿಂದೆಯೂ ಇದೇ ರಸಾಯನಕ್ರಿಯೆಯಿದೆ. ಚೀನಾದ ರಸಿಕರು ಇಂಥ ಕಲ್ಲಿನಲ್ಲಿ ತೆಳುವಾದ ನಿಲುವು, ಸುಕ್ಕುಗಟ್ಟಿದ ಮೈ, ಒಂದಕ್ಕೊಂದು ಕೂಡುವ ಪೊಳ್ಳುಗಳು ಮತ್ತು ಆಚೆಯ ಬೆಳಕು ತೋರುವ ರಂಧ್ರಗಳನ್ನು ಹುಡುಕುತ್ತಿದ್ದರು. ಕುಶಲಕರ್ಮಿಗಳು ಕೆಲವು ಕಲ್ಲುಗಳನ್ನು ಕೊರೆದು, ಉಳಿಯ ಗುರುತು ಅಳಿಯಲೆಂದು ಮತ್ತೆ ಸರೋವರದಲ್ಲಿ ಮುಳುಗಿಸಿಡುತ್ತಿದ್ದುದೂ ಉಂಟು.

ಈ ಮೋಹಕ್ಕೆ ಜನ ತೆತ್ತ ಬೆಲೆ ಸಣ್ಣದಲ್ಲ. ಸೊಂಗ್ ಚಕ್ರವರ್ತಿ ಹುಯಿಝೊಂಗ್ ತನ್ನ ರಾಜಧಾನಿ ಕೈಫೆಂಗ್‌ನ ಉದ್ಯಾನಕ್ಕಾಗಿ ದಕ್ಷಿಣದಿಂದ ಇಂಥ ಬಂಡೆಗಳನ್ನು ದೋಣಿಗಳಲ್ಲಿ ತರಿಸಿದನು. ಅವು ಸಾಗಲೆಂದು ಸೇತುವೆಗಳನ್ನೇ ಕೆಡವಿದ್ದುಂಟು, ರೊಚ್ಚಿಗೆದ್ದ ರೈತರು ದಂಗೆಯೆದ್ದರು. 1127ರಲ್ಲಿ ಕೈಫೆಂಗ್ ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನ್ ಜನರ ವಶವಾಯಿತು. ಆಗ ಸಾಗಿಸದೆ ಹಿಂದೆ ಉಳಿದ ಬಂಡೆಗಳಲ್ಲಿ ಗುವಾನ್‌ಯುನ್ ಕೂಡ ಒಂದೆಂಬುದು ಸುಝೌನ ಐತಿಹ್ಯ.