ಒಂದೇ ಸಾಲಿನ ನಂಬಿಕೆ

ಲಿನಕ್ಸ್ ಬಳಸುವವರಿಗೆ ಇದು ಮಾಮೂಲು. ಹೊಸ ತಂತ್ರಾಂಶ ಬೇಕಾದರೆ ಒಂದು ಸಾಲನ್ನು ಟರ್ಮಿನಲ್‌ಗೆ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಗೆ, ಪೇಸ್ಟ್ ಮಾಡಿ ಎಂಟರ್ ಒತ್ತುತ್ತೇವೆ. ಆ ಸಾಲಿನಲ್ಲಿ ಕರ್ಲ್ ಎಂಬ ಡೌನ್‌ಲೋಡ್ ಸಾಧನ ಇಂಟರ್ನೆಟ್‌ನಿಂದ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ತರುತ್ತದೆ. ನಡುವಿನ ಉದ್ದ ಗೀಟು, ಅಂದರೆ ಪೈಪ್, ಅದನ್ನು ನೇರವಾಗಿ ಆಜ್ಞೆಗಳನ್ನು ಓಡಿಸುವ ಬ್ಯಾಷ್‌ಗೆ ದಾಟಿಸುತ್ತದೆ. ಬ್ಯಾಷ್ ಓಡಿಸಿಬಿಡುತ್ತದೆ. ಬಂದದ್ದೇನು ಅಂತ ನಾವು ನೋಡುವುದೇ ಇಲ್ಲ.

ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಇದೆಯಲ್ವಾ ಎನ್ನಬಹುದು. ಅದು ಕಾಯುವುದು ದಾರಿಯನ್ನು ಮಾತ್ರ. ಹೊರಟ ಜಾಗದಲ್ಲೇ ಕಲಬೆರಕೆ ಆಗಿದ್ದರೆ, ಆ ಕಲಬೆರಕೆಯೇ ಭದ್ರವಾಗಿ ಮನೆ ಸೇರುತ್ತದೆ.

ಕೋಡ್‌ಕವ್‌ನಲ್ಲಿ ಆದದ್ದು ಇದೇ. ಕೋಡಿನ ಎಷ್ಟು ಭಾಗ ಪರೀಕ್ಷೆಗೆ ಒಳಪಟ್ಟಿದೆ ಎಂದು ಅಳೆಯುವ ಸೇವೆ ಅದು. ಅದರ ಸ್ಕ್ರಿಪ್ಟನ್ನು ಎಷ್ಟೋ ಕಂಪನಿಗಳ ಬಿಲ್ಡ್ ಸರ್ವರ್‌ಗಳು, ಅಂದರೆ ಕೋಡನ್ನು ಜೋಡಿಸಿ ಪರೀಕ್ಷಿಸುವ ಯಂತ್ರಗಳು, ತಾವಾಗಿಯೇ ಇಳಿಸಿಕೊಂಡು ಓಡಿಸುತ್ತಿದ್ದವು. 2021ರ ಜನವರಿ 31ರಂದು ಯಾರೋ ಅದರೊಳಗೆ ಕೈಯಾಡಿಸಿದರು. ಸೇರಿಸಿದ್ದು ಒಂದೇ ಸಾಲು. ಸರ್ವರ್‌ನಲ್ಲಿದ್ದ ಪಾಸ್‌ವರ್ಡ್, ಟೋಕನ್, ಕೀಗಳೆಲ್ಲ ಸದ್ದಿಲ್ಲದೆ ಕಳ್ಳರ ಸರ್ವರ್‌ಗೆ ಹೋದವು. ಎರಡು ತಿಂಗಳು ಹೀಗೇ ನಡೆಯಿತು. ಏಪ್ರಿಲ್ 1ರಂದು ಒಬ್ಬ ಗ್ರಾಹಕರು ಇಳಿಸಿಕೊಂಡ ಫೈಲಿನ ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಲೆಕ್ಕ ಹಾಕಿ, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿದ್ದ ಚೆಕ್‌ಸಮ್ ಜೊತೆ ತಾಳೆ ನೋಡಿದರು. ಎರಡೂ ಬೇರೆ ಬೇರೆ! ನೇರವಾಗಿ ಪೈಪ್ ಮಾಡಿದ್ದರೆ ತಾಳೆ ನೋಡಲು ಕೈಯಲ್ಲಿ ಫೈಲೇ ಇರುತ್ತಿರಲಿಲ್ಲ.

ಹಾನಿಗೆ ಕಳ್ಳರೇ ಬೇಕಿಲ್ಲ. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದು ಸ್ಪೇಸ್ ಜಾಸ್ತಿ ಬಿದ್ದಿತ್ತು. ಒಳಗಿನ ಒಂದು ಫೋಲ್ಡರ್ ಅಳಿಸಬೇಕಿದ್ದ ಆಜ್ಞೆ, ಬಹುತೇಕ ತಂತ್ರಾಂಶಗಳಿರುವ ಯುಎಸ್ಆರ್ ಫೋಲ್ಡರನ್ನೇ ಪೂರ್ತಿ ಅಳಿಸಿತು. ಪೈಪ್‌ನಲ್ಲಿ ಇನ್ನೊಂದು ತೊಂದರೆಯೂ ಇದೆ. ಸ್ಕ್ರಿಪ್ಟ್ ಪೂರ್ತಿ ಬರುವ ತನಕ ಬ್ಯಾಷ್ ಕಾಯುವುದಿಲ್ಲ, ಬಂದಷ್ಟನ್ನು ಓಡಿಸುತ್ತಾ ಹೋಗುತ್ತದೆ. ‘ಹೋಮ್ ಫೋಲ್ಡರ್ ಒಳಗಿನ ಕ್ಯಾಶ್ (ತಾತ್ಕಾಲಿಕ ಫೈಲುಗಳು) ಅಳಿಸು’ ಎಂಬ ಸಾಲು ಬರುವಾಗ ನೆಟ್ ಕಡಿದರೆ, ಉಳಿಯುವುದು ನಮ್ಮ ಫೈಲುಗಳೆಲ್ಲ ಇರುವ ಹೋಮ್ ಫೋಲ್ಡರನ್ನೇ ಅಳಿಸುವ ಆಜ್ಞೆ. ಇದಕ್ಕೇ ಜಾಣರು ಸ್ಕ್ರಿಪ್ಟನ್ನೆಲ್ಲ ಕರೆದಾಗ ಮಾತ್ರ ಓಡುವ ಒಂದು ಫಂಕ್ಷನ್ ಒಳಗಿಟ್ಟು, ಕೊನೆಯ ಸಾಲಿನಲ್ಲಿ ಮಾತ್ರ ಅದನ್ನು ಕರೆಯುತ್ತಾರೆ.

ಹಾಗಂತ ಪಿಪ್, ಎನ್‌ಪಿಎಂನಂಥ ಪ್ಯಾಕೇಜ್ ಸಾಧನಗಳ ಮೂಲಕ ತಂದದ್ದೂ ಬೇರೆಯವರ ಕೋಡೇ. ನಂಬಿಕೆ ಎಲ್ಲ ಕಡೆಯೂ ಬೇಕು. ಆದರೂ ಸ್ಕ್ರಿಪ್ಟನ್ನು ಮೊದಲು ಫೈಲಾಗಿ ಉಳಿಸಿ. ತೆರೆದು ನೋಡಿ. ಪೂರ್ಣ ಅಧಿಕಾರದಿಂದ ಆಜ್ಞೆ ಓಡಿಸುವ ಸುಡೊ ಎಲ್ಲಿದೆ, ಏನನ್ನು ಅಳಿಸುತ್ತದೆ, ಮತ್ತೆ ಎಲ್ಲಿಂದ ಏನನ್ನು ತರುತ್ತದೆ ಅಂತ ಹುಡುಕಿ. ಐದು ನಿಮಿಷದ ಕೆಲಸ. ಚೆಕ್‌ಸಮ್ ಕೊಟ್ಟಿದ್ದರೆ ತಾಳೆ ನೋಡಿ. ಆದರೆ ಅದು ಸ್ಕ್ರಿಪ್ಟ್ ಇರುವ ಸರ್ವರ್‌ನಲ್ಲೇ ಇದ್ದರೆ, ಸ್ಕ್ರಿಪ್ಟ್ ತಿದ್ದಿದವರು ಅದನ್ನೂ ತಿದ್ದಬಹುದು. ಕೋಡ್‌ಕವ್ ಗ್ರಾಹಕರು ತಾಳೆ ನೋಡಿದ ಚೆಕ್‌ಸಮ್ ಬೇರೆ ಕಡೆ, ಗಿಟ್‌ಹಬ್‌ನಲ್ಲಿತ್ತು.