ಪೀಪಾಯಿಯಲ್ಲಿ ಮಾಗಿದ ಸ್ಟೌಟ್: ಲೋಟ ಬೆಚ್ಚಗಾಗುವವರೆಗೆ ಕಾಯಿರಿ

ರುಚಿಪರೀಕ್ಷೆಯ ತರಬೇತಿಗೆ ಬರುವವರಲ್ಲಿ ಹೆಚ್ಚಿನವರು ಅಮೆರಿಕದ ವಿಸ್ಕಿಯಾದ ಬರ್ಬನ್‌ನ ಪೀಪಾಯಿಯಲ್ಲಿ ಮಾಗಿದ ಸ್ಟೌಟನ್ನು, ಅಂದರೆ ಹುರಿದ ಬಾರ್ಲಿಯ ಕಡುಗಪ್ಪು ಬಿಯರನ್ನು, ಫ್ರಿಜ್ಜಿನಿಂದ ತೆಗೆದ ಕೂಡಲೇ ಬಾಯಿಗಿಟ್ಟು, ಸೀದ ಕಾಫಿಗೆ ಮದ್ಯ ಬೆರೆಸಿದಂತಿದೆ ಎಂದು ಲೋಟ ಕೆಳಗಿಡುತ್ತಾರೆ. ಅವರ ನಾಲಿಗೆಯದು ತಪ್ಪಲ್ಲ; ನಾಲ್ಕೈದು ಡಿಗ್ರಿಯ ತಂಪಿನಲ್ಲಿ ಘಮ ಮೇಲೇಳದೆ, ಹುರಿದ ಬಾರ್ಲಿಯ ಕಹಿಯೇ ಮುಂದೆ ಬಂದು ನಿಲ್ಲುತ್ತದೆ. ನಾನು ಬಾಟಲಿಯನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು, ಅದು 12 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದ ಮೇಲೆ, ಹೊಟ್ಟೆ ಅಗಲವಾಗಿದ್ದು ಬಾಯಿ ಕಿರಿದಾದ ಲೋಟಕ್ಕೆ 100 ಮಿಲಿಲೀಟರಿನಷ್ಟೇ ಸುರಿಯುತ್ತೇನೆ.

ಈ ಬಗೆಯ ಬಿಯರ್‌ಗೆ ಹೆಸರು ತಂದುಕೊಟ್ಟದ್ದು ಷಿಕಾಗೋದ ಬಿಯರ್ ತಯಾರಿಕಾ ಸಂಸ್ಥೆ ಗೂಸ್ ಐಲ್ಯಾಂಡ್. 1990ರ ದಶಕದಲ್ಲಿ ಅಲ್ಲಿನ ಬ್ರೂಮಾಸ್ಟರ್ (ಬಿಯರ್ ತಯಾರಿಕೆಯ ಮುಖ್ಯಸ್ಥ) ಗ್ರೆಗ್ ಹಾಲ್ ಅವರು ಬರ್ಬನ್ ತಯಾರಕ ಜಿಮ್ ಬೀಮ್‌ನ ಖಾಲಿ ಪೀಪಾಯಿಗಳಿಗೆ ಹೆಚ್ಚು ಮದ್ಯಸಾರದ ಇಂಪೀರಿಯಲ್ ಸ್ಟೌಟ್ ತುಂಬಿಸಿ ಬರ್ಬನ್ ಕೌಂಟಿ ಸ್ಟೌಟನ್ನು ರೂಪಿಸಿದರು. ಅಮೆರಿಕದ ಕಾನೂನಿನಂತೆ ಬರ್ಬನ್‌ಗೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕಾದ್ದರಿಂದ, ಒಮ್ಮೆ ಬಳಸಿದ, ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಗಳು ಬೇರೆಯವರ ಪಾಲಾಗುತ್ತವೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿ ಹೆಚ್ಚಾಗಿ ಮಾಗುವುದೂ ಇಂಥವುಗಳಲ್ಲೇ.

ಲೋಟವನ್ನು ಮೂಗಿನ ಬಳಿ ತಂದಾಗ ಮೊದಲು ಮದ್ಯಸಾರದ ಘಾಟು ಬಡಿಯುತ್ತದೆ. ಶೇಕಡಾ 12ರಿಂದ 15ರಷ್ಟು ಮದ್ಯಸಾರವಿರುವಾಗ ಅದು ಸಹಜ. ಅಂಗೈಯಲ್ಲಿ ಲೋಟದ ತಳ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರೆ ಐದಾರು ನಿಮಿಷಗಳಲ್ಲಿ ಘಾಟು ಹಿಂದೆ ಸರಿದು, ಒಂದೊಂದೇ ಘಮ ಬಿಡಿಬಿಡಿಯಾಗಿ ಸಿಗತೊಡಗುತ್ತದೆ. ಬೆಲ್ಲದ ಪಾಕ, ಕಾಫಿ, ಕೋಕೋ ಘಮಗಳು ಮೊಳೆತ ಬಾರ್ಲಿಯಾದ ಮಾಲ್ಟಿನವು. ವೆನಿಲಾ, ಓಕ್‌ನ ನಾರನ್ನು ಬಿಗಿಹಿಡಿದ ಲಿಗ್ನಿನ್ ಶಾಖಕ್ಕೆ ಒಡೆದು ಹುಟ್ಟಿದ ವೆನಿಲಿನ್‌ನದು. ಒಣಕೊಬ್ಬರಿಯ ವಾಸನೆ ಮರದೊಳಗಿನ ಲ್ಯಾಕ್ಟೋನ್ ಎಂಬ ಘಮದ ಅಂಶಗಳದು. ಕೊಬ್ಬರಿ ತುರಿದ ಕೈಯುಳ್ಳವರು ಇದನ್ನು ಎಲ್ಲರಿಗಿಂತ ಬೇಗ ಗುರುತಿಸುತ್ತಾರೆ. ಒಣದ್ರಾಕ್ಷಿ, ಖರ್ಜೂರದ ಛಾಯೆ ಬಹುಮಟ್ಟಿಗೆ ಕಾಲದ ಕೊಡುಗೆ, ಏಕೆಂದರೆ ತಿಂಗಳುಗಟ್ಟಲೆ ಮರದ ಮೂಲಕ ಆಮ್ಲಜನಕ ಸ್ವಲ್ಪಸ್ವಲ್ಪವೇ ಒಳಸೇರಿರುತ್ತದೆ. ಅದೇ ಆಮ್ಲಜನಕ ಮಿತಿಮೀರಿದರೆ ನೆನೆದ ರಟ್ಟಿನ ವಾಸನೆ ಬರುತ್ತದೆ.

ಗುಟುಕನ್ನು ನಾಲಿಗೆಯ ಮೇಲೆ ಒಂದಿಷ್ಟು ಹೊತ್ತು ನಿಲ್ಲಿಸಬೇಕು. ನೇರಳೆ ಹಣ್ಣು ತಿಂದಾಗಿನಂತೆ ಒಸಡು ಬಿಗಿಯುವ ಒಗರು ಮರದ ಟ್ಯಾನಿನ್‌ನದು. ತೆಳುವಾಗಿದ್ದರೆ ಅದು ಸಿಹಿಗೆ ಕಡಿವಾಣ, ಹೆಚ್ಚಾದರೆ ಹಲಗೆ ನೆಕ್ಕಿದಂತೆ. ನೊರೆ ಬೇಗ ಇಳಿಯುವುದನ್ನು ದೋಷವೆಂದು ಎಣಿಸಬೇಕಾಗಿಲ್ಲ. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಹುಳಿಯದು. ಒಮ್ಮೆ ತರಗತಿಯಲ್ಲಿ ತೆರೆದ ದುಬಾರಿ ಬಾಟಲಿಯೊಂದು ಹುಳಿಮಜ್ಜಿಗೆಯಂತೆ ಚುರುಗುಟ್ಟಿದಾಗ, ಬೆಲೆ ಗೊತ್ತಿದ್ದ ಇಬ್ಬರು ಅದನ್ನು ಚೆರ್ರಿಯ ಸೊಗಸು ಎಂದು ಬರೆದುಕೊಂಡರು. ಬೆಲೆ ಗೊತ್ತಿಲ್ಲದವರೊಬ್ಬರು ಮಾತ್ರ ಕೆಟ್ಟಿದೆ ಎಂದರು. ಕೆಟ್ಟೇ ಇತ್ತು. ಪೀಪಾಯಿಯ ಮರದ ರಂಧ್ರಗಳಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ ಸೇರಿಕೊಂಡರೆ ತೊಳೆದು ತೆಗೆಯುವುದು ಬಲುಕಷ್ಟ. ಗೂಸ್ ಐಲ್ಯಾಂಡ್ ಕೂಡ 2015ರ ತನ್ನ ಕೆಲವು ಬ್ಯಾಚ್‌ಗಳಿಗೆ ಈ ಸೋಂಕು ತಗುಲಿದ್ದನ್ನು ಒಪ್ಪಿ ಹಣ ಹಿಂದಿರುಗಿಸಿತು.

ಖಾಲಿಯಾದ ಲೋಟವನ್ನು ಕೂಡಲೇ ತೊಳೆಯಲು ನಾನು ಬಿಡುವುದಿಲ್ಲ. ಕಾಲು ಗಂಟೆಯ ನಂತರ ಮತ್ತೆ ಮೂಸಿದರೆ, ಮದ್ಯಸಾರ ಆರಿಹೋಗಿ, ತಳದಲ್ಲಿ ಒಣಗಿದ ಕಂದು ಗೆರೆಯಿಂದ ವೆನಿಲಾ ಮತ್ತು ಸುಟ್ಟ ಮರದ ವಾಸನೆಯಷ್ಟೇ ಏಳುತ್ತಿರುತ್ತದೆ.