ಹುಳಿ ಚೆರ್ರಿ ತಿಂದರೆ ನೋವಿನ ಮಾತ್ರೆ ಬಿಡಬಹುದಾ?

ಪ್ರಶ್ನೆ: ಮಂಡಿನೋವಿಗೆ ದಿನಾ ಮಾತ್ರೆ ನುಂಗಿ ಹೊಟ್ಟೆ ಉರಿಯುತ್ತಿದೆ. ಇಪ್ಪತ್ತು ಹುಳಿ ಚೆರ್ರಿ ಒಂದು ಆಸ್ಪಿರಿನ್‌ಗೆ ಸಮ, ಹೊಟ್ಟೆಗೂ ಒಳ್ಳೇದು ಅಂತಾರೆ. ಮಾತ್ರೆ ಬಿಟ್ಟು ಇದನ್ನೇ ಶುರು ಮಾಡಲಾ?

ಉತ್ತರ: ಬೇಡ. ಹಣ್ಣು ಇಷ್ಟವಾದರೆ ತಿನ್ನಿ, ಮಾತ್ರೆಯ ವಿಷಯ ಮಾತ್ರ ಡಾಕ್ಟರ ಹತ್ತಿರವೇ ಮಾತಾಡಿ. ದಿನಾ ಹೊಟ್ಟೆ ಉರಿಯುತ್ತಿದೆ ಅನ್ನುವುದನ್ನೂ ಅವರಿಗೆ ಮೊದಲು ಹೇಳಿ.

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಒಬ್ಬರಿಗೆ ಸೊಂಟ, ಇನ್ನೊಬ್ಬರಿಗೆ ಹೆಬ್ಬೆರಳು. ಆ ‘ಇಪ್ಪತ್ತು’ ಮಾತ್ರ ಬದಲಾಗುವುದೇ ಇಲ್ಲ. ಸರಿ, ಅದರ ಜಾತಕವನ್ನೇ ಬಿಚ್ಚೋಣ.

1999ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯವರು ಹುಳಿ ಚೆರ್ರಿಯ ಕೆಂಪು ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್‌ಗಳನ್ನು ಬೇರೆ ಮಾಡಿ ಪರೀಕ್ಷೆಗೆ ಹಚ್ಚಿದರು. ನಮ್ಮ ಮೈಯಲ್ಲಿ ಕಾಕ್ಸ್ ಅನ್ನುವ ಎಂಜೈಮ್ ಇದೆ. ನೋವು, ಊತ ತರುವ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದು ಅದರಿಂದ. ಆಸ್ಪಿರಿನ್, ಐಬುಪ್ರೊಫೆನ್ ಮಾಡುವ ಕೆಲಸ ಈ ಕಾಕ್ಸನ್ನು ಕಟ್ಟಿಹಾಕುವುದು. ಚೆರ್ರಿಯ ಬಣ್ಣದಿಂದಲೂ ಅದು ಆಗುತ್ತದೆ ಅಂತ ಗೊತ್ತಾಯಿತು. ಸುಳ್ಳಲ್ಲ. ಆದರೆ ಆದದ್ದು ಲ್ಯಾಬಿನಲ್ಲಿ, ಎಂಜೈಮಿಗೆ ನೇರವಾಗಿ ಬೆರೆಸಿದಾಗ. ಅಲ್ಲಿ ಯಾರ ಮಂಡಿಯೂ ಇರಲಿಲ್ಲ!

ಬಾಯಿಗೆ ಹಾಕಿದ್ದು ಮಂಡಿ ಮುಟ್ಟಬೇಕಲ್ವಾ? ಇಪ್ಪತ್ತು ಹಣ್ಣಲ್ಲಿರುವ ಆಂಥೋಸಯನಿನ್ ಸುಮಾರು 12ರಿಂದ 25 ಮಿಲಿಗ್ರಾಂ. ಅದರಲ್ಲೂ ಇದ್ದ ರೂಪದಲ್ಲೇ ರಕ್ತ ಸೇರುವುದು ಚೂರೇ ಚೂರು. ಹೆಚ್ಚಿನ ಪಾಲು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ನೋವಿಗೆ ಕೊಡುವ ಆಸ್ಪಿರಿನ್ ಮಾತ್ರೆ ಸಾಮಾನ್ಯವಾಗಿ 300 ಮಿಲಿಗ್ರಾಂನದು, ಅದು ಚೆನ್ನಾಗಿಯೇ ಹೀರಿಕೆಯಾಗುತ್ತದೆ. ಎಲ್ಲಿಂದ ಎಲ್ಲಿಯ ಸಮ? 2005ರಲ್ಲಿ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 29 ಚೆರ್ರಿ ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಹಣ್ಣನ್ನು ಔಷಧಿ ಅಂತ ಮಾರಬೇಡಿ ಅಂತ.

ಇಷ್ಟಕ್ಕೂ ಮಾತ್ರೆಯಿಂದ ಹೊಟ್ಟೆ ಉರಿಯುವುದು ಯಾಕೆ? ಹೊಟ್ಟೆಯ ಒಳಪದರವನ್ನು ಆ್ಯಸಿಡ್‌ನಿಂದ ಕಾಯುವುದು ಕೂಡ ಪ್ರೊಸ್ಟಾಗ್ಲಾಂಡಿನ್ನೇ. ಕಾಕ್ಸನ್ನು ಕಟ್ಟಿದರೆ ಆ ಕಾವಲೂ ಹೋಯಿತು. ಈಗ ನೀವೇ ಲೆಕ್ಕ ಹಾಕಿ. ಚೆರ್ರಿ ನಿಜಕ್ಕೂ ಆಸ್ಪಿರಿನ್ ಥರಾನೇ, ಅಷ್ಟೇ ಜೋರಾಗಿ ಕೆಲಸ ಮಾಡಿದರೆ ಹೊಟ್ಟೆಗೂ ಅಷ್ಟೇ ತೊಂದರೆ ಕೊಡಬೇಕಿತ್ತು. ಆಸ್ಪಿರಿನ್‌ಗೆ ಸಮ ಅಂತಲೂ ಹೇಳಿ, ಹೊಟ್ಟೆಗೆ ತೊಂದರೆಯೇ ಇಲ್ಲ ಅಂತಲೂ ಹೇಳಿದರೆ ಹೇಗೆ? ಇಷ್ಟು ಕೇಳಿದರೆ ಸಾಕು, ವಾಟ್ಸಾಪ್ ಪಂಡಿತರು ಸುಮ್ಮನಾಗುತ್ತಾರೆ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳೂ ಇವೆ. ಮಂಡಿ ಸವೆತ ಇದ್ದ 58 ಜನರಿಗೆ ಆರು ವಾರ ಚೆರ್ರಿ ರಸ ಕೊಟ್ಟು ನೋಡಿದ ಫಲಿತಾಂಶ 2013ರಲ್ಲಿ ಬಂತು. ರಸ ಕುಡಿದಾಗ ನೋವು ಸ್ವಲ್ಪ ಇಳಿದದ್ದು ಹೌದು. ಆದರೆ ಚೆರ್ರಿಯೇ ಇಲ್ಲದ, ಬರೀ ತೋರಿಕೆಯ ಪಾನೀಯ ಕುಡಿದಾಗಿನದಕ್ಕೂ ಇದಕ್ಕೂ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸ ಇರಲಿಲ್ಲ. ಯೂರಿಕ್ ಆ್ಯಸಿಡ್ ಹೆಚ್ಚಾಗಿ ಕೀಲು ಊದಿ ನೋಯುವ ಗೌಟ್ ವಿಷಯದಲ್ಲಿ ಮಾತ್ರ ಚೆರ್ರಿಗೆ ಸ್ವಲ್ಪ ಮರ್ಯಾದೆ ಕೊಡಬೇಕು. 2012ರಲ್ಲಿ ಪ್ರಕಟವಾದ, 633 ರೋಗಿಗಳ ಅಧ್ಯಯನದಲ್ಲಿ ಚೆರ್ರಿ ತಿಂದಾಗ ನೋವು ಮರುಕಳಿಸುವ ಸಂಭವ 35 ಶೇಕಡಾ ಕಡಿಮೆ ಇತ್ತು. ಚೆರ್ರಿ ಜೊತೆ ಯೂರಿಕ್ ಆ್ಯಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆಯನ್ನೂ ತೆಗೆದುಕೊಂಡಾಗ 75 ಶೇಕಡಾ ಕಡಿಮೆ. ಫಾರ್ವರ್ಡ್ ಮಾಡುವವರು ಈ ಎರಡನೇ ಸಾಲನ್ನು ಯಾವಾಗಲೂ ಕತ್ತರಿಸಿರುತ್ತಾರೆ. ಮೇಲಾಗಿ ಅದು ಅದೇ ರೋಗಿಗಳು ಚೆರ್ರಿ ತಿಂದ ದಿನಗಳನ್ನು, ತಿನ್ನದ ದಿನಗಳನ್ನು ಹೋಲಿಸಿ ನೋಡಿದ ಅಧ್ಯಯನ, ಕೊಟ್ಟು ಪರೀಕ್ಷಿಸಿದ್ದಲ್ಲ.

ಹೊಟ್ಟೆಗೆ ಒಳ್ಳೇದಾ? ಹಿತಮಿತವಾಗಿ ತಿಂದರೆ ತೊಂದರೆ ಇಲ್ಲ. ಆದರೆ ಹೆಸರೇ ಹುಳಿ. ಹುಳಿತೇಗು, ಎದೆಯುರಿ ಇದ್ದವರು ಖಾಲಿ ಹೊಟ್ಟೆಯಲ್ಲಿ ರಸ ಕುಡಿದು ನನ್ನನ್ನು ಬಯ್ಯಬೇಡಿ. ಇದರಲ್ಲಿ ಸಾರ್ಬಿಟಾಲ್ ಅನ್ನುವ, ಕರುಳು ಪೂರ್ತಿ ಹೀರಿಕೊಳ್ಳದ ಸಿಹಿ ಅಂಶ ಕೂಡ ಇದೆ. ಸೂಕ್ಷ್ಮ ಕರುಳಿನವರಿಗೆ ಉಬ್ಬರ, ಗ್ಯಾಸ್, ಕೆಲವೊಮ್ಮೆ ಭೇದಿ. ಸಕ್ಕರೆ ಕಾಯಿಲೆಯವರು ಇನ್ನೊಂದು ನೋಡಬೇಕು. ಸಕ್ಕರೆ ಬೆರೆಸದ ರಸದಲ್ಲೂ ಒಂದು ದೊಡ್ಡ ಲೋಟಕ್ಕೆ ಹಣ್ಣಿನದೇ ಸಕ್ಕರೆ 25 ಗ್ರಾಂ ಆಸುಪಾಸು ಇರುತ್ತದೆ. ಕೇಕ್ ಮೇಲಿನ ಹೊಳೆಯುವ ಚೆರ್ರಿಯನ್ನಂತೂ ಈ ಲೆಕ್ಕಕ್ಕೇ ತರಬೇಡಿ. ಅದರ ಸ್ವಂತ ಬಣ್ಣ ಪೂರ್ತಿ ತೆಗೆದು, ಮೇಲೆ ಬೇರೆ ಬಣ್ಣ ಕಟ್ಟಿರುತ್ತಾರೆ.

ನೀವು ಕೇಳಲಿಲ್ಲ, ಆದರೂ ಮುಂದಿನ ಪತ್ರ ಇದೇ ಇರುತ್ತದೆ: ನಿದ್ದೆ ಬರುತ್ತದಾ? ಹುಳಿ ಚೆರ್ರಿಯಲ್ಲಿ ನಿದ್ದೆಯ ಹಾರ್ಮೋನ್ ಮೆಲಟೋನಿನ್ ಇದೆ, ನಿಜ. ಮಾಂಟ್‌ಮೊರೆನ್ಸಿ ತಳಿಯಲ್ಲಿ ಗ್ರಾಂಗೆ ಸುಮಾರು 13 ನ್ಯಾನೋಗ್ರಾಂ. 150 ಗ್ರಾಂ ಹಣ್ಣು ತಿಂದರೆ 2 ಮೈಕ್ರೋಗ್ರಾಂ ಸಿಕ್ಕಿತು. ಮೆಲಟೋನಿನ್ ಮಾತ್ರೆಯಲ್ಲಿ 3 ಮಿಲಿಗ್ರಾಂ ಇದ್ದರೆ ಅದು ಇದರ 1500 ಪಟ್ಟು. ಕೆಲವು ಸಣ್ಣ ಪರೀಕ್ಷೆಗಳಲ್ಲಿ ರಸ ಕುಡಿದವರು ಸ್ವಲ್ಪ ಜಾಸ್ತಿ ಹೊತ್ತು ಮಲಗಿದ್ದು ಕಂಡಿದೆ, ಹಾಗಾಗಿ ಪೂರ್ತಿ ತಳ್ಳಿಹಾಕುವುದಿಲ್ಲ. ನೋಡುವ ಮನಸ್ಸಿದ್ದರೆ ಸಂಜೆಯೇ ಕುಡಿಯಿರಿ. ಎದೆಯುರಿ ಇರುವವರು ಕುಡಿದ ತಕ್ಷಣ ಮಲಗಿದರೆ ಇದ್ದ ನಿದ್ದೆಯೂ ಹೋಗುತ್ತದೆ.